ಬಾಗಿಲು ಹಾಕಿದ ಮೇಲೆ

(ಜುಮಾ ಖುತ್ಬಾದ ಸಾರಾಂಶ)

ಸಹೋದರರೇ, ಬೆಕ್ಕೊಂದನ್ನು ಕೂಡಿಹಾಕಿ, ಅನ್ನ ನೀರು ಕೊಡದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಾವೆಲ್ಲ ಕೇಳಿದ್ದೇ. ದೀಪಾವಳಿ ಹತ್ತಿರ ಬಂದಾಗ ಅದು ಮತ್ತೆ ನೆನಪಾಗಬೇಕು. ಏಕೆಂದರೆ ಪಟಾಕಿಯ ರಾತ್ರಿಗಳಲ್ಲಿ ಬೆಕ್ಕನ್ನು ಒಳಗೆ ಕೂಡಿಹಾಕುವುದೇ ಸರಿ.

ಅದರ ಕಿವಿ ನಮ್ಮದಕ್ಕಿಂತ ಸೂಕ್ಷ್ಮ. ಮಗ್ರಿಬ್‌ಗೆ ಮುಂಚೆಯೇ ಒಳಗೆ ಕರೆದು, ಊಟ ಹಾಕಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿಡೋಣ. ಮಂಚದಡಿ ಸೇರಿಕೊಂಡರೆ ಎಳೆಯಬಾರದು. ಮಕ್ಕಳಿಗೆ ಇದನ್ನು ಎರಡೆರಡು ಸಲ ಹೇಳಬೇಕಾಗುತ್ತದೆ. ನೀರಿನ ಬಟ್ಟಲು, ಮಣ್ಣು ತುಂಬಿದ ತಟ್ಟೆ ಅಲ್ಲೇ ಇರಲಿ. ಹೀಗಿದ್ದರೆ ಅದು ಆಸರೆ. ಬೀಗ ಜಡಿದು ಎರಡು ದಿನ ನೆಂಟರ ಮನೆಗೆ ಹೋದರೆ, ಆ ಹೆಂಗಸು ಮಾಡಿದ್ದಕ್ಕೂ ನಾವು ಮಾಡಿದ್ದಕ್ಕೂ ಏನು ವ್ಯತ್ಯಾಸ? ಕಾವಲು ನಾಯಿಯನ್ನೂ ಅಂಗಳದಲ್ಲಿ ಸರಪಳಿ ಕಟ್ಟಿ ಬಿಡಬೇಡಿ. ಬೆದರಿ ಎಳೆದಾಡಿದರೆ ಕುತ್ತಿಗೆಗೇ ಬಿಗಿಯುತ್ತದೆ.

ಫಜ್ರ್ ಮುಗಿಸಿ ಬಂದವರು, ಅವುಗಳನ್ನು ಹೊರಬಿಡುವ ಮೊದಲು ಅಂಗಳ, ಹಿತ್ತಿಲು ಗುಡಿಸಬೇಕು. ಸಿಡಿಯದೆ ಉಳಿದ ಪಟಾಕಿಯ ಮದ್ದು ವಿಷ. ಆಡು, ಕೋಳಿಗಳೂ ಬಾಯಿ ಹಾಕುತ್ತವೆ. ಕಡಿದ ಕಣಗಿಲೆ ಕೊಂಬೆ ಬಿದ್ದಿದ್ದರೆ ಅದನ್ನೂ ತೆಗೆಯಿರಿ, ಅದೂ ವಿಷವೇ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ನೆರೆಯವರ ಹಬ್ಬದ ದಿನ ನಮಗೆ ಮೊದಲೇ ಗೊತ್ತಿರುತ್ತದೆ. ನಮ್ಮ ಮದುವೆ ಮೆರವಣಿಗೆಯ ಪಟಾಕಿ ಸರಕ್ಕೆ ದಿನವೂ ಇಲ್ಲ, ಹೊತ್ತೂ ಇಲ್ಲ. ಈ ತಿಂಗಳು ನಿಕಾಹ್ ಇಟ್ಟುಕೊಂಡ ಮನೆಯವರು ವರನ ಗೆಳೆಯರಿಗೆ ಇಂದೇ ಹೇಳಿಬಿಡಲಿ.