ಹುಣ್ಣಿಮೆಯ ಬೆನ್ನಿಗೆ ಬರುವ ಈಸ್ಟರ್



ಗೋವಿನಕೋವಿಯಂಥ ಊರಿನಲ್ಲಿ ಕ್ರೈಸ್ತರ ಹಬ್ಬವೆಂದರೆ ನೆನಪಾಗುವುದು ಕ್ರಿಸ್‌ಮಸ್; ಇಲ್ಲವೇ ಸೆಪ್ಟೆಂಬರ್ 8ರಂದು ಹರಿಹರದಲ್ಲಿ ನಡೆಯುವ ಆರೋಗ್ಯಮಾತೆಯ ಉತ್ಸವ. ಇವೆರಡರ ತಾರೀಖೂ ಬದಲಾಗುವುದಿಲ್ಲ. ಆದರೆ ಯೇಸು ಸಾವನ್ನು ಗೆದ್ದು ಎದ್ದುಬಂದ ದಿನವೆಂದು ಆಚರಿಸುವ ಈಸ್ಟರ್ ಮಾತ್ರ ವರ್ಷಕ್ಕೊಂದು ತಾರೀಖಿಗೆ ಬರುತ್ತದೆ. ಏಕೆ?

ಪಂಚಾಂಗ ನೋಡಿ ಹಬ್ಬ ಮಾಡುವ ನಮಗೆ ಇದು ಒಗಟಲ್ಲ. ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದ್ಯರ ಪಸ್ಕ ಹಬ್ಬದ ಸಮಯದಲ್ಲಿ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಆ ಹಬ್ಬ ಬರುವುದು ವಸಂತದ ಹುಣ್ಣಿಮೆಗೆ. ಆರಂಭದ ಕ್ರೈಸ್ತರಲ್ಲಿ ಕೆಲವರು ಪಸ್ಕದ ದಿನವೇ, ಉಳಿದವರು ಅನಂತರದ ಭಾನುವಾರ ಹಬ್ಬ ಮಾಡುತ್ತಿದ್ದರು. ಎಲ್ಲರಿಗೂ ಒಂದೇ ದಿನವಿರಲಿ ಎಂದು ಕ್ರಿ.ಶ. 325ರಲ್ಲಿ ನೈಸಿಯಾದ ಮಹಾಸಭೆ ತೀರ್ಮಾನಿಸಿತು. ಮುಂದೆ ನೆಲೆಗೊಂಡ ನಿಯಮ ಇಷ್ಟೇ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ ಬಂತು, 31ಕ್ಕೆ ಈಸ್ಟರ್. 2025ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 12ಕ್ಕೆ. ಚರ್ಚಿನ ಲೆಕ್ಕದಲ್ಲಿ ಹುಣ್ಣಿಮೆ 13ರ ಭಾನುವಾರವೇ ಬಿದ್ದುದರಿಂದ ಹಬ್ಬ 20ಕ್ಕೆ ಹೋಯಿತು.

ಇನ್ನು ಮೊಟ್ಟೆಯ ವಿಚಾರ. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಉಪವಾಸದ ಕಾಲ. ಮಧ್ಯಯುಗದ ಯೂರೋಪಿನಲ್ಲಿ ಆಗ ಮಾಂಸದ ಜೊತೆಗೆ ಮೊಟ್ಟೆಯೂ ನಿಷಿದ್ಧ. ಕೋಳಿಗೆ ವ್ರತವುಂಟೆ? ಅದು ಇಡುತ್ತಲೇ ಇತ್ತು. ಕೂಡಿಬಿದ್ದ ಮೊಟ್ಟೆಗಳಿಗೆ ಹಬ್ಬದಂದು ಬಣ್ಣ ಬಳಿದು ಹಂಚಿದರು, ತಿಂದರು. ಒಡೆದ ಚಿಪ್ಪು ತೆರೆದ ಸಮಾಧಿಯ ಸಂಕೇತವೂ ಆಯಿತು. ಮೊಟ್ಟೆ ತರುವ ಮೊಲದ ಕಥೆ ಜರ್ಮನ್ ನಾಡಿನದು. 1682ರ ಒಂದು ಬರಹದಲ್ಲಿ ಅದರ ಉಲ್ಲೇಖವಿದೆ.

ಈಸ್ಟರ್ ಎಂಬುದು ವಸಂತದೇವತೆಯೊಬ್ಬಳ ಹಬ್ಬ, ಕ್ರೈಸ್ತರು ಅದನ್ನು ಕದ್ದರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದಕ್ಕೆ ಆಧಾರ ಇಂಗ್ಲೆಂಡಿನ ಸಂನ್ಯಾಸಿ ಬೀಡ್ 725ರಲ್ಲಿ ಬರೆದ ಒಂದೆರಡು ವಾಕ್ಯ. ತಿಂಗಳಿಗೆ ಆ ದೇವತೆಯ ಹೆಸರಿತ್ತು, ಅದೇ ಹಬ್ಬಕ್ಕೂ ಬಂತು ಎಂದಷ್ಟೇ ಆತ ಹೇಳುತ್ತಾನೆ. ಮೊಟ್ಟೆ, ಮೊಲಗಳ ಸುದ್ದಿಯೇ ಅಲ್ಲಿಲ್ಲ. ಜಗತ್ತಿನ ಬಹುಪಾಲು ಭಾಷೆಗಳಲ್ಲಿ ಹಬ್ಬದ ಹೆಸರು ಪಸ್ಕದಿಂದಲೇ ಹುಟ್ಟಿದ್ದು. ಹೆಸರು ಎರವಲು ಬಂದ ಮಾತ್ರಕ್ಕೆ ಹಬ್ಬವೇ ಎರವಲಾಗದು.

ಆಚರಣೆಗಳು ಹೋದ ನೆಲದ ಗುಣ ಪಡೆಯುವುದು ಮಾತ್ರ ನಿಜ. ಈಸ್ಟರ್‌ನ ಹಿಂದಿನ ಭಾನುವಾರ ಗರಿಗಳ ಹಬ್ಬ. ಯೆರೂಸಲೇಮಿನಲ್ಲಿ ಯೇಸುವನ್ನು ಎದುರುಗೊಂಡದ್ದು ಖರ್ಜೂರದ ಗರಿಗಳಿಂದ. ನಮ್ಮ ಚರ್ಚುಗಳಲ್ಲಿ ಕೈಗೆ ಬರುವುದು ತೆಂಗಿನ ಗರಿ. ಅದೇ ಗರಿಯನ್ನು ಮರುವರ್ಷ ಸುಟ್ಟು, ಉಪವಾಸದ ಮೊದಲ ದಿನ ಬೂದಿಯಾಗಿ ಹಣೆಗಿಡುತ್ತಾರೆ.

ನೆರೆಯವರ ಹಬ್ಬವನ್ನು ಅಸಲಿಯೋ ನಕಲಿಯೋ ಎಂದು ತೂಗುವ ಮೊದಲು, ಅದು ನಡೆದುಬಂದ ದಾರಿಯನ್ನು ತಿಳಿಯೋಣ. ನಮ್ಮ ಹಬ್ಬಗಳೂ ಅಂಥ ದಾರಿಯಲ್ಲೇ ನಡೆದುಬಂದಿವೆ.