ಹೂವಿನ ಕಣಿವೆಗೆ ಹೆಸರಿಟ್ಟವರು ಯಾರು?

ಐದು ನಿಮಿಷದಲ್ಲಿ ಹಿಮಾಲಯ ಹತ್ತಲಾಗದು, ಹಾಗಾಗಿ ಒಂದೇ ಒಂದು ಹೆಸರಿನ ಬಗ್ಗೆ ಮಾತಾಡುತ್ತೇನೆ. ದೆಹಲಿಯಲ್ಲಿರುವ ನಮ್ಮಲ್ಲಿ ಹಲವರು ಬದರಿಗೆ ಹೋಗಿಬಂದವರು. ಆ ದಾರಿಯಲ್ಲಿ ಗೋವಿಂದಘಾಟ್ ಸಿಗುತ್ತದಲ್ಲ, ಅಲ್ಲಿಂದ ಒಳಗೆ ಘಾಂಘರಿಯಾ, ಅದರಾಚೆ ವ್ಯಾಲಿ ಆಫ್ ಫ್ಲವರ್ಸ್ ರಾಷ್ಟ್ರೀಯ ಉದ್ಯಾನ.

ಹೆಸರು ಬಂದದ್ದು ಹೀಗೆ. 1931ರಲ್ಲಿ ಫ್ರಾಂಕ್ ಸ್ಮೈಥ್ ತಂಡ ಕಾಮೆಟ್ ಶಿಖರವನ್ನು ಮೊದಲ ಬಾರಿಗೆ ಏರಿ, ಮರಳುವಾಗ ಈ ಕಣಿವೆಗೆ ಇಳಿಯಿತು. ಎಲ್ಲೆಲ್ಲೂ ಹೂ! ಮರೆಯಲಾಗದೆ ಸ್ಮೈಥ್ 1937ರಲ್ಲಿ ಮತ್ತೆ ಬಂದರು, ಮರುವರ್ಷ ಪುಸ್ತಕ ಬರೆದರು. ಆ ಪುಸ್ತಕದ ಹೆಸರೇ ಕಣಿವೆಗೆ ಅಂಟಿಕೊಂಡಿತು.

ಆದರೆ ಕಣಿವೆಗೆ ಹೆಸರಿರಲಿಲ್ಲವೇ? ಇತ್ತು, ಭ್ಯೂಂಡಾರ್ ಅಂತ. ಅದೇ ಹೆಸರಿನ ಹಳ್ಳಿಯವರು ಬೇಸಿಗೆಯಲ್ಲಿ ಕುರಿ, ಮೇಕೆ ಹೊಡೆದುಕೊಂಡು ಅಲ್ಲಿಗೇ ಹೋಗುತ್ತಿದ್ದರು. ಅವರಿಗೆ ಅದು ಹುಲ್ಲುಗಾವಲು. ಸಾಫ್ಟ್‌ವೇರ್‌ನಲ್ಲಿ ನಾವು ಒಂದು ಫೈಲಿನ ಹೆಸರು ಬದಲಿಸಿದರೆ ಅದನ್ನು ನಂಬಿದ್ದ ಹತ್ತು ಕೆಲಸ ನಿಲ್ಲುತ್ತವೆ. ಇಲ್ಲೂ ಬಹುಮಟ್ಟಿಗೆ ಹಾಗೇ ಆಯಿತು ಅನ್ನಿ. ಹೂವಿನ ಕಣಿವೆ ಅಂದಮೇಲೆ ಅಲ್ಲಿ ಕುರಿಗೆ ಏನು ಕೆಲಸ? 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಮೇಯಿಸುವುದು ನಿಂತಿತು. ಆಮೇಲೆ ಪಾಲಿಗೋನಮ್ ಎಂಬ ಎತ್ತರದ ಗಿಡ ಹಬ್ಬಿ ಹೂಗಳನ್ನೇ ಮುಚ್ಚತೊಡಗಿತು. ಅರಣ್ಯ ಇಲಾಖೆ ಅದನ್ನು ಕೀಳಿಸುತ್ತಿದೆ. ಕುರಿಗಳು ಮೇಯುತ್ತಿದ್ದಾಗ ಅದು ಹದ್ದಿನಲ್ಲಿತ್ತೇ ಎಂಬ ವಾದ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ನನಗಂತೂ ಕುರಿ ಕಾಯುವವರನ್ನು ಮೊದಲೇ ಒಂದು ಮಾತು ಕೇಳಬೇಕಿತ್ತು ಅನ್ನಿಸುತ್ತದೆ.

ನಮ್ಮ ವೇದಿಕೆಯಲ್ಲಿ ಹೇಳಲೇಬೇಕಾದ ಇನ್ನೊಬ್ಬರಿದ್ದಾರೆ, ಜೋನ್ ಮಾರ್ಗರೆಟ್ ಲೆಗ್ಗೆ. ಬ್ರಿಟನ್ನಿನ ಸಸ್ಯಶಾಸ್ತ್ರಜ್ಞೆ. 1939ರಲ್ಲಿ, 54ನೇ ವಯಸ್ಸಿನಲ್ಲಿ, ಗಿಡ ಸಂಗ್ರಹಿಸಲು ಈ ಕಣಿವೆಗೆ ಬಂದರು. ಐವತ್ತು ದಾಟಿದರೆ ಮೆಟ್ರೋ ಮೆಟ್ಟಿಲಿಗೇ ಹೆದರಿಸುವವರು ನಮ್ಮಲ್ಲಿದ್ದಾರೆ, ಅದಕ್ಕೇ ವಯಸ್ಸು ಹೇಳಿದೆ! ಜುಲೈ 4ರಂದು ಹೂ ಕೀಳುತ್ತಾ ಬಂಡೆಯಿಂದ ಜಾರಿ ತೀರಿಕೊಂಡರು. ಅವರನ್ನು ಅಲ್ಲಿಯೇ ಮಣ್ಣು ಮಾಡಿದರು. ಆಮೇಲೆ ಅವರ ಅಕ್ಕತಂಗಿಯರಲ್ಲೊಬ್ಬರು ಅಲ್ಲಿಯವರೆಗೂ ಬಂದು ಸ್ಮಾರಕದ ಕಲ್ಲು ಇಡಿಸಿದರು.

2005ರಲ್ಲಿ ಯುನೆಸ್ಕೋ ನಂದಾದೇವಿಯ ಜೊತೆಗೆ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವುದೂ ಸ್ಮೈಥ್ ಇಟ್ಟ ಹೆಸರೇ. ಜುಲೈ, ಆಗಸ್ಟ್‌ನಲ್ಲಿ ಹೂ ಜೋರು. ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಹಾಗಾಗಿ ಘಾಂಘರಿಯಾದಿಂದ ಬೆಳಿಗ್ಗೆ ಬೇಗ ಹೊರಡಿ. ಜೊತೆಗೆ ಬರುವ ಸ್ಥಳೀಯರನ್ನು ಭ್ಯೂಂಡಾರ್ ಬಗ್ಗೆ ಕೇಳಿ ನೋಡಿ.