ಕುದುರೆ ಮೇಲೆ ಯಾರು ಕೂತಿದ್ದರು?

ಕೌಬಾಯ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಯಾರು ಬರ್ತಾರೆ? ಅಗಲ ಟೋಪಿ, ಸೊಂಟದಲ್ಲಿ ಪಿಸ್ತೂಲು, ಕುದುರೆ ಮೇಲೊಬ್ಬ ಬಿಳಿಯ. ಅಲ್ವಾ? ಈ ಚಿತ್ರವನ್ನು ನಮ್ಮ ತಲೆಯಲ್ಲಿ ಕೂರಿಸಿದ್ದು ಹಾಲಿವುಡ್.

1930ರ ದಶಕದಲ್ಲಿ ಅಲ್ಲಿ ಹಾಡುವ ಕೌಬಾಯ್‌ಗಳ ಹವಾ ಎದ್ದಿತ್ತು. 1935ರಲ್ಲಿ ರಿಪಬ್ಲಿಕ್ ಪಿಕ್ಚರ್ಸ್ ಎಂಬ ಸಣ್ಣ ಸ್ಟುಡಿಯೋ, ಜೀನ್ ಆಟ್ರಿ ಎಂಬ ರೇಡಿಯೋ ಗಾಯಕನನ್ನು ನಾಯಕನನ್ನಾಗಿ ಮಾಡಿತು. ಚಿತ್ರ ಓಡಿತು. 1938ರಲ್ಲಿ ಸ್ಟುಡಿಯೋ ಜತೆ ಜಗಳವಾಗಿ ಆಟ್ರಿ ಹೊರನಡೆದಾಗ, ಆ ಜಾಗಕ್ಕೆ ರಾಯ್ ರೋಜರ್ಸ್ ಬಂದ. ಸೂತ್ರ ಒಂದೇ: ಸುಮಾರು ಒಂದು ಗಂಟೆಯ ಸಿನಿಮಾ, ಪುಡಿಗಾಸಿನ ಬಜೆಟ್, ಒಂದಿಷ್ಟು ಹಾಡು, ಒಂದಿಷ್ಟು ಫೈಟು, ಕೊನೆಗೆ ನ್ಯಾಯಕ್ಕೆ ಜಯ. ಈ ಸ್ಟಾರ್‌ಗಳೆಲ್ಲ ಬಿಳಿಯರೇ.

ಆದರೆ ಇತಿಹಾಸ ಏನು ಹೇಳುತ್ತೆ? ಅಮೆರಿಕದ ಪಶ್ಚಿಮದಲ್ಲಿ ದನದ ಹಿಂಡು ಹೊಡೆದ ಕೌಬಾಯ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಕಪ್ಪು ಜನಾಂಗದವನು ಅನ್ನೋದು ಇತಿಹಾಸಕಾರರ ಅಂದಾಜು. ಅವರಲ್ಲಿ ಎಷ್ಟೋ ಜನ ಗುಲಾಮಗಿರಿ ಕಂಡು ಬಂದವರು. ಪರದೆ ಮೇಲೆ ಅವರೆಲ್ಲ ಎಲ್ಲಿ ಹೋದರು ಸ್ವಾಮಿ?

ಈ ಪ್ರಶ್ನೆಗೆ ಕುದುರೆ ಏರಿ ಉತ್ತರ ಕೊಟ್ಟವನು ಹರ್ಬ್ ಜೆಫ್ರೀಸ್. ಜಾಝ್ ಗಾಯಕ. 1937ರಲ್ಲಿ ‘ಹಾರ್ಲೆಮ್ ಆನ್ ದ ಪ್ರೈರಿ’, 1939ರಲ್ಲಿ ‘ದ ಬ್ರಾಂಜ್ ಬಕರೂ’. ನಾಯಕ, ನಾಯಕಿ, ಖಳ, ಎಲ್ಲರೂ ಕಪ್ಪು ಕಲಾವಿದರೇ. ಶೂಟಿಂಗ್ ನಡೆದದ್ದು ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಹತ್ತಿರ, ಕಪ್ಪು ದಂಪತಿಯೊಬ್ಬರ ರ್‍ಯಾಂಚಿನಲ್ಲಿ. ತೋರಿಸಿದ್ದು ಹೆಚ್ಚಾಗಿ ಕಪ್ಪು ಜನರಿಗೆಂದೇ ಇದ್ದ ಥಿಯೇಟರುಗಳಲ್ಲಿ. ಯಾಕಂದ್ರೆ ಆಗ ಅಲ್ಲಿ ಸಿನಿಮಾ ನೋಡೋದಕ್ಕೂ ಬಣ್ಣಭೇದ ಇತ್ತು.

ಇನ್ನೊಂದು ವಿಚಿತ್ರ ಕೇಳಿ. ಜೆಫ್ರೀಸ್‌ನ ಮೈಬಣ್ಣ ತಿಳಿ. ಹಾಗಾಗಿ ಕ್ಯಾಮೆರಾ ಮುಂದೆ ಕಪ್ಪಗೆ ಕಾಣಲು ಅವನು ಮೇಕಪ್ ಹಚ್ಚಿಕೊಳ್ಳಬೇಕಾಯಿತು! ಬಿಳಿಯನೆಂದು ಸುಲಭವಾಗಿ ದಾಟಿಹೋಗಬಹುದಿತ್ತು. ಹೋಗಲಿಲ್ಲ.

ಆ ಚಿತ್ರಗಳು ದೊಡ್ಡ ಕಲಾಕೃತಿಗಳೇನಲ್ಲ. ಬೆರಳೆಣಿಕೆಯಷ್ಟು ಬಂದವು, ನಿಂತುಹೋದವು. ಜೆಫ್ರೀಸ್ ಮುಂದೆ ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ ಹಾಡಿ ಹೆಸರು ಮಾಡಿದ. 2014ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡ.

ಆದರೆ ಯೋಚನೆ ಮಾಡಿ. ಬೇರೆ ಥಿಯೇಟರಿನಲ್ಲಿ ಕೂರಬೇಕಾಗಿದ್ದ ಒಂದು ಮಗು, ತನ್ನಂತೆಯೇ ಇರುವ ಒಬ್ಬ ಕುದುರೆ ಏರಿ ಬಂದು ಗೆಲ್ಲೋದನ್ನ ಮೊದಲ ಸಲ ನೋಡಿದಾಗ ಅದಕ್ಕೆ ಹೇಗನ್ನಿಸಿರಬೇಕು?

ದಿನಾ ಕ್ಯಾಮೆರಾ ಮುಂದೆ ಕೂರುವ ನನಗೆ ಇದು ಬರೀ ಸಿನಿಮಾ ಕಥೆಯಲ್ಲ. ನಾವು ಯಾರನ್ನು ತೋರಿಸುತ್ತೇವೆ ಅನ್ನೋದಷ್ಟೇ ಸುದ್ದಿಯಲ್ಲ. ಯಾರನ್ನು ತೋರಿಸೋದೇ ಇಲ್ಲ ಅನ್ನೋದೂ ಸುದ್ದಿಯೇ.